ಓದುಗರ ಪ್ರಶ್ನೆ: ಪೈಲಟ್‌ಗಳಿಗೂ ಯೂನಿಯನ್ ಬೇಕಾ, ಕಟ್ಟಿದ್ರೆ ಏನ್ ಸಿಗುತ್ತೆ?

ಹೋದ ಸಂಚಿಕೆಯಲ್ಲಿ ಪೈಲಟ್‌ಗಳ ನಿದ್ದೆ ಬಗ್ಗೆ ಬರೆದಿದ್ದೆ, ಸುಸ್ತಾಗಿದೆ ಇವತ್ತು ಹಾರಿಸಲ್ಲ ಅಂತ ಬಾಯಿಬಿಟ್ಟು ಹೇಳೋಕೆ ಒಬ್ಬ ಪೈಲಟ್ ಎಷ್ಟು ಹೆದರ್ತಾನೆ ಅಂತ. ಅದಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಸುತ್ತಿ ಬಳಸಿ ಯೂನಿಯನ್ ವಿಷಯಕ್ಕೇ ಬಂದಿದಾವೆ. ನಾನು 27 ವರ್ಷ ವಿಮಾನ ಹಾರಿಸಿದೀನಿ, ಅದರಲ್ಲಿ 6 ವರ್ಷ ಯೂನಿಯನ್ನಿನ ರೋಸ್ಟರ್ ಕಮಿಟಿಲಿ, ಅಂದ್ರೆ ಯಾರಿಗೆ ಯಾವಾಗ ಡ್ಯೂಟಿ ಅಂತ ನೋಡೋ ಕಮಿಟಿಲಿ ಕೂತಿದ್ದೆ, ಹಾಗಾಗಿ ನನಗೆ ಇದರಲ್ಲಿ ಒಂದು ಪಕ್ಷ ಇದೆ ಅನ್ನೋದನ್ನ ಮೊದಲೇ ಹೇಳಿಬಿಡ್ತೀನಿ. ಪತ್ರ ಬರೆದವರ ಹೆಸರು ಹಾಕಿಲ್ಲ, ಕೆಲಸಕ್ಕೆ ತೊಂದ್ರೆ ಆಗಬಾರದು ಅಂತ.

ಪ್ರಶ್ನೆ: ಸರ್, ನಾನು ಕೋ-ಪೈಲಟ್, ಕೆಲಸಕ್ಕೆ ಸೇರಿ ಎರಡು ವರ್ಷ ಆಯ್ತು. ನಮ್ಮಲ್ಲಿ ಯೂನಿಯನ್ ಇಲ್ಲ. ಕೆಲವು ಕ್ಯಾಪ್ಟನ್‌ಗಳು ಶುರು ಮಾಡೋಣ ಅಂತ ಮಾತಾಡ್ತಿದಾರೆ. ಟ್ರೈನಿಂಗ್ ಸಾಲ ಇನ್ನೂ ತೀರಿಲ್ಲ, ಹೆಸರು ಕೊಟ್ರೆ ಕೆಲಸಕ್ಕೇ ಕುತ್ತು ಬರುತ್ತಾ ಅಂತ ಭಯ. ಸೇರಬೇಕಾ ಬೇಡ್ವಾ?

ಸೇರಿ. ಆದ್ರೆ ಯಾಕೆ ಸೇರ್ತಿದೀನಿ ಅನ್ನೋದು ನಿಮಗೆ ಮೊದಲೇ ಸ್ಪಷ್ಟ ಇರ್ಲಿ. ಸಂಬಳ ಏರುತ್ತೆ ಅಂತ ಮಾತ್ರ ಸೇರೋದಾದ್ರೆ ಒಂದೆರಡು ವರ್ಷದಲ್ಲಿ ಬೇಜಾರಾಗಿ ಚಂದಾ ಕಟ್ಟೋದು ನಿಲ್ಲಿಸ್ತೀರ. ನಾನು ಕಂಡ ಹಾಗೆ ಪೈಲಟ್ ಯೂನಿಯನ್ನಿನ ಮೊದಲ ಕೆಲಸ ಅಂದ್ರೆ 'ಇವತ್ತು ನನ್ ಕೈಲಿ ಆಗಲ್ಲ' ಅಂದ ಪೈಲಟ್‌ನ ಬೆನ್ನಿಗೆ ನಿಲ್ಲೋದು. ಮಿಕ್ಕಿದ್ದೆಲ್ಲ ಆಮೇಲೆ.

ಒಂದು ರಾತ್ರಿ ನಡೆದದ್ದು ಹೇಳ್ತೀನಿ. ಆಗಿನ್ನೂ ನಮ್ಮಲ್ಲೂ ಯೂನಿಯನ್ ಇರಲಿಲ್ಲ. ಸತತವಾಗಿ ಮೂರನೇ ರಾತ್ರಿ ಡ್ಯೂಟಿ, ಬೆಳಗಿನ ಜಾವ 4 ಗಂಟೆ ಹತ್ತಿರ, ಮೂರನೇ ಸೆಕ್ಟರ್‌ಗೆ, ಅಂದ್ರೆ ಆ ರಾತ್ರಿಯ ಮೂರನೇ ಹಾರಾಟಕ್ಕೆ, ಪ್ರಯಾಣಿಕರನ್ನ ಹತ್ತಿಸೋಕೆ ಇನ್ನೇನು ಶುರು ಮಾಡಬೇಕು. ನನ್ನ ಪಕ್ಕ ಕೂತಿದ್ದ ಹುಡುಗ ಟೇಕಾಫ್ ಅಂಕಿಗಳನ್ನ ಕಂಪ್ಯೂಟರ್‌ಗೆ ಹಾಕ್ತಾ ಒಂದೇ ಅಂಕಿನ ತಪ್ಪು ಒತ್ತಿದ, ಅಳಿಸಿದ, ಮತ್ತೆ ಅದೇ ತಪ್ಪು ಒತ್ತಿದ, ಮೂರನೇ ಸಲಾನೂ ಅದೇ. ಆಮೇಲೆ ಕೈ ತೊಡೆ ಮೇಲಿಟ್ಕೊಂಡು ಸುಮ್ನೆ ಸ್ಕ್ರೀನ್ ನೋಡ್ತಾ ಕೂತ. "ಆಗುತ್ತೇನಪ್ಪಾ?" ಅಂದೆ. "ಆಗುತ್ತೆ ಸರ್" ಅಂದ. ಅವನ ಕಣ್ಣು ನೋಡಿದ್ರೆ ಆಗಲ್ಲ ಅಂತ ಯಾರಿಗಾದ್ರೂ ಗೊತ್ತಾಗ್ತಿತ್ತು, ನನ್ನ ಕಣ್ಣು ಅದಕ್ಕಿಂತ ಚೆನ್ನಾಗಿತ್ತು ಅಂತ ನಾನು ಹೇಳಲಾರೆ. ಆಪರೇಷನ್ಸ್‌ಗೆ ಫೋನ್ ಮಾಡಿ ಇಬ್ಬರೂ ಅನ್‌ಫಿಟ್ ಅಂದೆ. ಬದಲಿ ಕ್ರೂ ಬಂದು ವಿಮಾನ ಹೊರಡೋ ಹೊತ್ತಿಗೆ ಎರಡೂವರೆ ಗಂಟೆ ತಡ ಆಯ್ತು. ಮುಂದಿನ ವಾರ ಇಬ್ಬರನ್ನೂ ಆಫೀಸಿಗೆ ಕರೆಸಿ ವಿವರಣೆ ಬರೆಸ್ಕೊಂಡ್ರು. ನಾನು ಹಳಬ, ಕ್ಯಾಪ್ಟನ್, ನನಗೇನೂ ಆಗಲಿಲ್ಲ. ಆ ಹುಡುಗನ ಅಪ್‌ಗ್ರೇಡ್, ಅಂದ್ರೆ ಕೋ-ಪೈಲಟ್‌ನಿಂದ ಕ್ಯಾಪ್ಟನ್ ಆಗೋದು, ಮಾತ್ರ ಒಂದೂವರೆ ವರ್ಷ ಹಿಂದಕ್ಕೆ ಹೋಯ್ತು, ಯಾಕೆ ಅಂತ ಯಾವ ಕಾಗದದಲ್ಲೂ ಬರೀಲಿಲ್ಲ. ಆಗಲ್ಲ ಅಂದಿದ್ದು ನಾನು, ಆಗುತ್ತೆ ಅಂದಿದ್ದು ಅವನು, ಪೆಟ್ಟು ಬಿದ್ದಿದ್ದು ಅವನಿಗೆ. ಇವತ್ತಿಗೂ ಅದನ್ನ ನೆನೆಸ್ಕೊಂಡ್ರೆ ನನಗೆ ಹೊಟ್ಟೆ ಉರಿಯುತ್ತೆ. ನಾನು ಯೂನಿಯನ್ ಕಟ್ಟೋರ ಜೊತೆ ಸೇರಿದ್ದು ಅದಾದ್ಮೇಲೆ.

ಕಾನೂನು ಇದೆಯಲ್ಲ ಅಂತ ನೀವು ಕೇಳಬಹುದು. ಇದೆ, ಎಲ್ಲ ಕಡೆನೂ ಇದೆ. ದಿನಕ್ಕೆ ಇಷ್ಟು ಗಂಟೆ, ತಿಂಗಳಿಗೆ ಇಷ್ಟು, ಇಷ್ಟು ವಿಶ್ರಾಂತಿ, ಮತ್ತೆ ಸುಸ್ತಾಗಿದ್ರೆ ಹಾರಿಸಬಾರದು ಅಂತಾನೂ ಬರೆದಿರ್ತಾರೆ. ಆದ್ರೆ ಕಾನೂನು ಹೇಳೋದು ಇದಕ್ಕಿಂತ ಮೇಲೆ ಹೋಗಬೇಡಿ ಅಂತ, ರೋಸ್ಟರ್ ಮಾಡೋ ಸಾಫ್ಟ್‌ವೇರ್ ಓದ್ಕೊಳ್ಳೋದು ಇಲ್ಲೀವರೆಗೂ ಹೋಗಬಹುದು ಅಂತ. ಜೊತೆಗೆ ನಿಮ್ಮನ್ನ ಆಫೀಸಿಗೆ ಕರೆಸಿ ಬಾಗಿಲು ಹಾಕಿದಾಗ ಪಕ್ಕದ ಕುರ್ಚಿಲಿ ಕಾನೂನು ಬಂದು ಕೂರಲ್ಲ, ಯೂನಿಯನ್ನಿನ ಪ್ರತಿನಿಧಿ ಕೂರ್ತಾನೆ. ಅಮೆರಿಕದ ಹಲವು ಏರ್‌ಲೈನ್‌ಗಳಲ್ಲಿ ಪೈಲಟ್ ತನ್ನ ತಪ್ಪನ್ನ ತಾನೇ ವರದಿ ಮಾಡೋ ಒಂದು ವ್ಯವಸ್ಥೆ ಇದೆ, ಆ ವರದಿ ಹೋಗೋದು ಮೂರು ಜನ ಕೂತ ಕಮಿಟಿಗೆ, ಸರ್ಕಾರದ ಕಡೆಯಿಂದ ಒಬ್ಬ, ಕಂಪನಿ ಕಡೆಯಿಂದ ಒಬ್ಬ, ಪೈಲಟ್ ಯೂನಿಯನ್ ಕಡೆಯಿಂದ ಒಬ್ಬ, ಬೇಕು ಅಂತ ಮಾಡಿದ್ದಲ್ಲ ಅಂತ ಮೂವರೂ ಒಪ್ಪಿದ್ರೆ ಶಿಕ್ಷೆ ಇಲ್ಲ, ಪಾಠ ಮಾತ್ರ. ಆ ಮೂರನೇ ಕುರ್ಚಿ ಇಲ್ಲದೇ ಹೋದ್ರೆ ಪೈಲಟ್‌ಗಳು ನಂಬಿ ಬರೀತಾರೆ ಅಂತ ನನಗನ್ಸಲ್ಲ.

ನಿಮ್ಮ ಭಯದ ಬಗ್ಗೆ: ಅದು ಸುಳ್ಳು ಭಯ ಅಲ್ಲ. ಹೆಸರು ಕೊಡೋಕೆ ಮುಂಚೆ ಎಷ್ಟು ಜನ ಕೊಟ್ಟಿದಾರೆ ಕೇಳಿ. ಇಪ್ಪತ್ತು ಜನ ಕಟ್ಟಿದ ಯೂನಿಯನ್ನಲ್ಲಿ ಮೊದಲ ಇಪ್ಪತ್ತು ಜನಕ್ಕೂ ಅಪಾಯ, ಅರ್ಧಕ್ಕಿಂತ ಹೆಚ್ಚು ಪೈಲಟ್‌ಗಳು ಬಂದ್ಮೇಲೆ ಯಾರಿಗೂ ಅಷ್ಟು ಅಪಾಯ ಇರಲ್ಲ. ನಿಮ್ಮಂಥ ಸಾಲ ಇರೋ ಹುಡುಗರನ್ನ ಮುಂದೆ ಬಿಟ್ಟು ಹಿಂದೆ ನಿಂತ್ಕೊಳ್ಳೋ ಕ್ಯಾಪ್ಟನ್‌ಗಳಿದ್ರೆ ನಂಬಬೇಡಿ, ಮುಂದೆ ನಿಲ್ಲಬೇಕಾದ್ದು ಅವರು. ಕಂಪನಿಯ ಇಮೇಲ್, ಕಂಪನಿ ಕೊಟ್ಟ ಟ್ಯಾಬ್ಲೆಟ್‌ನಲ್ಲಿ ಈ ವಿಷಯ ಮಾತಾಡಲೇಬೇಡಿ. ನಿಮ್ಮ ದೇಶದ ಕಾನೂನು ಪೈಲಟ್‌ನ ಕಾರ್ಮಿಕ ಅಂತ ನೋಡುತ್ತೋ ಅಧಿಕಾರಿ ಅಂತ ನೋಡುತ್ತೋ ಅನ್ನೋದನ್ನ ಒಬ್ಬ ಲೇಬರ್ ವಕೀಲರ ಹತ್ರ ಕೂತು ಕೇಳ್ಕೊಳ್ಳಿ, ಅರ್ಧ ರಕ್ಷಣೆ ಅದರ ಮೇಲೇ ನಿಂತಿರುತ್ತೆ.

ಪ್ರಶ್ನೆ: ಅಷ್ಟೊಂದು ಸಂಬಳ ತಗೊಳ್ಳೋರಿಗೆ ಯೂನಿಯನ್ ಯಾಕ್ರೀ? ನಾವು ಫ್ಯಾಕ್ಟರಿಲಿ ಬೆವರು ಸುರಿಸೋರು, ನಮಗೇ ಯೂನಿಯನ್ ಉಳಿದಿಲ್ಲ.

ನಿಮ್ಮ ಸಿಟ್ಟು ನ್ಯಾಯವಾದ್ದೇ, ನಿಮ್ಮ ಫ್ಯಾಕ್ಟರಿಲಿ ಯೂನಿಯನ್ ಉಳಿಯದೇ ಹೋಗಿದ್ದು ನನಗೂ ನೋವಿನ ವಿಷಯ. ಆದ್ರೆ ಪೈಲಟ್‌ಗಳು ಯೂನಿಯನ್ ಕಟ್ಟಿದ್ದು ದುಡ್ಡು ಬಂದ್ಮೇಲೆ ಅಲ್ಲ. ಅಮೆರಿಕದ ಏರ್ ಲೈನ್ ಪೈಲಟ್ಸ್ ಅಸೋಸಿಯೇಷನ್ ಅಂದ್ರೆ ಆಲ್ಪಾ ಹುಟ್ಟಿದ್ದು 1931ರಲ್ಲಿ, ಡೇವಿಡ್ ಬೆಂಕಿ ಅನ್ನೋ ಪೈಲಟ್ ಮುಂದಾಳತ್ವದಲ್ಲಿ, ಷಿಕಾಗೋದಲ್ಲಿ ಗುಟ್ಟಾಗಿ ಸೇರಿ, ಹೆಸರು ಹೊರಗೆ ಬಂದ್ರೆ ಕೆಲಸ ಹೋಗುತ್ತೆ ಅಂತ. ಮುಂದಿನ ವರ್ಷವೇ ಸೆಂಚುರಿ ಏರ್ ಲೈನ್ಸ್ ಮಾಲೀಕ ಇ. ಎಲ್. ಕಾರ್ಡ್ ಅನ್ನೋನು ಪೈಲಟ್‌ಗಳ ಸಂಬಳ ಕತ್ತರಿಸಿದ, ಒಪ್ಪದೇ ಇದ್ದ ಪೈಲಟ್‌ಗಳನ್ನ ಹೊರಗೆ ಹಾಕಿದ. ಆಗೆಲ್ಲ ಹವಾಮಾನ ಕೆಟ್ಟಿದ್ರೂ ಹೋಗು ಅಂದ್ರೆ ಹೋಗಬೇಕು. 1934ರಲ್ಲಿ ಅಮೆರಿಕದ ಕಾರ್ಮಿಕ ಮಂಡಳಿ ಪೈಲಟ್ ತಿಂಗಳಿಗೆ 85 ಗಂಟೆಗಿಂತ ಹೆಚ್ಚು ಹಾರಿಸಬಾರದು ಅಂತ ತೀರ್ಪು ಕೊಡ್ತು, ಆಲ್ಪಾ ಹಟ ಹಿಡಿದು ಹೋರಾಡಿದ್ದಕ್ಕೆ. ಆ 85 ಗಂಟೆ ಪೈಲಟ್‌ಗೆ ಎಷ್ಟು ಸಿಕ್ತೋ ಹಿಂದೆ ಕೂತ ಪ್ರಯಾಣಿಕನಿಗೂ ಅಷ್ಟೇ ಸಿಕ್ತು.

ಇನ್ನೊಂದು ವಿಷಯ ಹೊರಗಿನವರಿಗೆ ಸಾಮಾನ್ಯವಾಗಿ ಗೊತ್ತಿರಲ್ಲ, ಸೀನಿಯಾರಿಟಿ. ಬೇರೆ ಕೆಲಸಗಳಲ್ಲಿ 15 ವರ್ಷ ಅನುಭವ ಇದ್ದೋರು ಇನ್ನೊಂದು ಕಂಪನಿಗೆ ಹೋದ್ರೆ ಮೇಲಿನ ಹುದ್ದೆಗೆ ಹೋಗ್ತಾರೆ. ದೊಡ್ಡ ಏರ್‌ಲೈನ್‌ಗಳಲ್ಲಿ ಹೆಚ್ಚಿನ ಕಡೆ ಹಾಗಲ್ಲ, 15 ವರ್ಷದ ಕ್ಯಾಪ್ಟನ್ ಕಂಪನಿ ಬದಲಾಯಿಸಿದ್ರೆ ಪಟ್ಟಿಯ ಕೊನೇಲಿ ಹೊಸಬನಾಗಿ ಸೇರಬೇಕು, ಮತ್ತೆ ಕೋ-ಪೈಲಟ್ ಸೀಟು, ಮತ್ತೆ ರಜಾದಿನದ ಡ್ಯೂಟಿ, ಮತ್ತೆ ಹೊಸಬರ ಸಂಬಳ. ಹಾಗಾಗಿ 'ಸರಿಬರ್ಲಿಲ್ಲ ಅಂದ್ರೆ ಬಿಟ್ಟು ಹೋಗ್ತೀನಿ' ಅನ್ನೋ ಮಾತು ಒಬ್ಬ ಪೈಲಟ್‌ನ ಬಾಯಲ್ಲಿ ಬರೋದೇ ಕಷ್ಟ. ಒಬ್ಬೊಬ್ಬರಾಗಿ ಚೌಕಾಸಿ ಮಾಡೋಕೆ ಬಲ ಇಲ್ಲದ ಕೆಲಸ ಇದು, ಸಂಬಳದ ಚೀಟಿ ಎಷ್ಟು ದಪ್ಪ ಇದ್ರೂ. ಅದರ ಮೇಲೆ ವರ್ಷಕ್ಕೆ ಒಂದೋ ಎರಡೋ ಸಲ ಮೆಡಿಕಲ್ ಟೆಸ್ಟು, ಒಂದು ಇಸಿಜಿ ಕೆಟ್ಟು ಬಂದ್ರೆ ಜೀವನವಿಡೀ ಕಲಿತ ವಿದ್ಯೆ ಒಂದೇ ಮಧ್ಯಾಹ್ನದಲ್ಲಿ ಕೆಲಸಕ್ಕೆ ಬಾರದ್ದಾಗುತ್ತೆ.

ಮತ್ತೆ ಎಲ್ಲ ಪೈಲಟ್‌ಗಳೂ ಶ್ರೀಮಂತರಲ್ಲ. 2009ರ ಫೆಬ್ರವರಿ 12ರ ರಾತ್ರಿ ಅಮೆರಿಕದ ಬಫಲೋ ಹತ್ರ ಕೋಲ್ಗನ್ ಏರ್‌ನ ಒಂದು ಸಣ್ಣ ವಿಮಾನ ಮನೆ ಮೇಲೆ ಬಿದ್ದು 50 ಜನ ಸತ್ತರು. ಅದರ ಕೋ-ಪೈಲಟ್ ಒಬ್ಬ ಚಿಕ್ಕ ವಯಸ್ಸಿನ ಹೆಣ್ಣುಮಗಳು, ದೇಶದ ಆ ತುದಿಯ ಸಿಯಾಟಲ್‌ನಿಂದ ರಾತ್ರಿಯಿಡೀ ಬೇರೆ ವಿಮಾನಗಳಲ್ಲಿ ಕೂತು ನ್ಯೂವಾರ್ಕ್‌ಗೆ ಡ್ಯೂಟಿಗೆ ಬಂದಿದ್ದಳು, ಆರಾಮವಾಗಿ ಮಲಗೋಕೆ ಅವಳಿಗೆ ಅಲ್ಲಿ ಒಂದು ಕೋಣೆನೂ ಇರಲಿಲ್ಲ. ಅಪಘಾತಕ್ಕೆ ಮುಖ್ಯ ಕಾರಣ ರೆಕ್ಕೆ ಇನ್ನು ವಿಮಾನವನ್ನ ಎತ್ತಿ ಹಿಡಿಯಲಾರದು ಅನ್ನೋ ಸ್ಟಾಲ್ ಎಚ್ಚರಿಕೆಗೆ ಕ್ಯಾಪ್ಟನ್ ಉಲ್ಟಾ ಪ್ರತಿಕ್ರಿಯೆ ಕೊಟ್ಟಿದ್ದು ಅಂತ ತನಿಖೆ ಹೇಳ್ತು, ಸುಸ್ತೇ ಕಾರಣ ಅಂತ ಹೇಳಲಿಲ್ಲ, ಅದನ್ನ ನಾನು ತಿರುಚಲ್ಲ. ಆದ್ರೆ ಪೈಲಟ್‌ಗಳು ಹೇಗೆ ಬದುಕ್ತಿದಾರೆ ಅನ್ನೋದು ಜನಕ್ಕೆ ಕಂಡಿದ್ದು ಆವಾಗ.

ಪ್ರಶ್ನೆ: ಸ್ಟ್ರೈಕ್ ಮಾಡಿ ಪೈಲಟ್‌ಗಳು ಗೆದ್ದ ಉದಾಹರಣೆ ಇದೆಯಾ? ವಾಸ್ತವವಾಗಿ ಯೂನಿಯನ್ ಏನು ಸಾಧಿಸಬಹುದು?

ಗೆದ್ದಿದ್ದೂ ಇದೆ, ಹೀನಾಯವಾಗಿ ಸೋತಿದ್ದೂ ಇದೆ. ಸೋತಿದ್ದರಿಂದ ಕಲಿಯೋದು ಜಾಸ್ತಿ ಅಂತ ಅಲ್ಲಿಂದ್ಲೇ ಶುರು ಮಾಡ್ತೀನಿ.

1989ರಲ್ಲಿ ಆಸ್ಟ್ರೇಲಿಯಾದ ದೇಶೀಯ ಏರ್‌ಲೈನ್ ಪೈಲಟ್‌ಗಳು ಶೇ 29.47ರಷ್ಟು ಸಂಬಳ ಏರಿಕೆ ಕೇಳಿದ್ರು. ಆಗ ಸರ್ಕಾರಕ್ಕೂ ಮಿಕ್ಕ ಕಾರ್ಮಿಕ ಸಂಘಟನೆಗಳಿಗೂ ಸಂಬಳ ಇಷ್ಟೇ ಏರಿಸೋದು ಅಂತ ಒಂದು ಒಪ್ಪಂದ ಇತ್ತು, ಪೈಲಟ್‌ಗಳು ಅದರಾಚೆ ನಿಂತ್ರು, ಬೆಳಿಗ್ಗೆ 9ರಿಂದ ಸಂಜೆ 5ರ ತನಕ ಮಾತ್ರ ಹಾರಿಸ್ತೀವಿ ಅಂದ್ರು. ಕಂಪನಿಗಳು ಒಬ್ಬೊಬ್ಬರ ಮೇಲೂ ಕೇಸ್ ಹಾಕೋಕೆ ಹೊರಟಾಗ ಅದರಿಂದ ತಪ್ಪಿಸ್ಕೊಳ್ಳೋಕೆ ಸುಮಾರು 1,640 ಜನ ಒಟ್ಟಿಗೇ ರಾಜೀನಾಮೆ ಕೊಟ್ರು. ಅದೇ ದೊಡ್ಡ ತಪ್ಪಾಯ್ತು. ರಾಜೀನಾಮೆ ಕೊಟ್ಟೋನು ನೌಕರನೇ ಅಲ್ಲ, ಅವನ ಜೊತೆ ಕಂಪನಿ ಮಾತಾಡೋದೇನಿದೆ? ಪ್ರಧಾನಿ ಬಾಬ್ ಹಾಕ್ ಅವರೇ ಒಂದು ಕಾಲದಲ್ಲಿ ಕಾರ್ಮಿಕ ನಾಯಕರಾಗಿದ್ದವರು, ಆದರೂ ಕಂಪನಿಗಳ ಪರ ನಿಂತು ಪ್ರಯಾಣಿಕರನ್ನ ಸಾಗಿಸೋಕೆ ವಾಯುಸೇನೆ ವಿಮಾನ ಬಿಟ್ರು. ಹೊರದೇಶದಿಂದ ಪೈಲಟ್‌ಗಳು ಬಂದ್ರು. ಎಷ್ಟೋ ಜನ ಸಂಸಾರ ಕಟ್ಕೊಂಡು ಬೇರೆ ದೇಶಗಳಿಗೆ ಕೆಲಸ ಹುಡುಕ್ಕೊಂಡು ಹೋಗಬೇಕಾಯ್ತು. ಒಗ್ಗಟ್ಟಿಗೆ ಅಲ್ಲಿ ಕೊರತೆ ಇರಲಿಲ್ಲ, ಆದ್ರೆ ಅವರ ಬೆನ್ನಿಗೆ ಮಿಕ್ಕ ಕಾರ್ಮಿಕರೂ ಇಲ್ಲ, ಸರ್ಕಾರವೂ ಇಲ್ಲ, ಜನರೂ ಇಲ್ಲ, ಹಾಗಾಗಿ ಒಗ್ಗಟ್ಟೊಂದೇ ಸಾಕಾಗಲಿಲ್ಲ.

ಅಮೆರಿಕದ ಕಾಂಟಿನೆಂಟಲ್ ಏರ್‌ಲೈನ್ಸ್‌ದು ಇನ್ನೊಂದು ತರ. 1983ರಲ್ಲಿ ಅದರ ಮುಖ್ಯಸ್ಥ ಫ್ರಾಂಕ್ ಲೊರೆಂಜೊ ದಿವಾಳಿ ಅರ್ಜಿ ಹಾಕಿ ಯೂನಿಯನ್ ಒಪ್ಪಂದಗಳನ್ನೆಲ್ಲ ಹರಿದು ಹಾಕಿದ, ಪೈಲಟ್‌ಗಳು ಎರಡು ವರ್ಷಕ್ಕೂ ಹೆಚ್ಚು ಕಾಲ ಸ್ಟ್ರೈಕ್ ಮಾಡಿದ್ರು, ಅಷ್ಟು ದಿನಾನೂ ವಿಮಾನಗಳು ಹಾರ್ತಾನೇ ಇದ್ವು. ಆದ್ರೆ 1984ರಲ್ಲಿ ದಿವಾಳಿ ಕಾನೂನು ತಿದ್ದಿ, ಯೂನಿಯನ್ ಜೊತೆ ಮಾತಾಡದೇ ಕೋರ್ಟ್ ಒಪ್ಪಿಗೆ ಇಲ್ಲದೇ ಒಪ್ಪಂದ ಮುರಿಯೋಕೆ ಆಗದ ಹಾಗೆ ಮಾಡಿದ್ರು. ಸೋತವರ ಹೋರಾಟದಿಂದ ಮುಂದಿನವರಿಗೆ ಒಂದು ತಡೆಗೋಡೆ ಸಿಕ್ತು.

ಗೆದ್ದಿದ್ದಕ್ಕೆ ನಾನು ಯಾವಾಗ್ಲೂ ಹೇಳೋದು ಅಮೆರಿಕದ ಯುನೈಟೆಡ್ ಏರ್‌ಲೈನ್ಸ್‌ನ 1985ರ ಸ್ಟ್ರೈಕ್. ಹೊಸದಾಗಿ ಸೇರೋರಿಗೆ ಕಡಿಮೆ ಸಂಬಳ ಅಂತ ಎರಡು ದರ ಮಾಡೋಕೆ ಕಂಪನಿ ಹೊರಟಿತ್ತು, ಸ್ಟ್ರೈಕ್ ಮುರಿಯೋಕೆ ಅಂತಾನೇ ಸುಮಾರು 570 ಹೊಸ ಪೈಲಟ್‌ಗಳನ್ನ ತರಬೇತಿ ಕೊಟ್ಟು ಇಟ್ಕೊಂಡಿತ್ತು. ಸ್ಟ್ರೈಕ್ ಶುರುವಾದ ದಿನ ಆ ಹುಡುಗರಲ್ಲಿ ಬೆರಳೆಣಿಕೆಯಷ್ಟು ಜನ ಬಿಟ್ರೆ ಯಾರೂ ಒಳಗೆ ಹೋಗಲಿಲ್ಲ. ಕೈಗೆ ಬಂದಿದ್ದ ಕೆಲಸ ಬಿಟ್ಟು ಹೊರಗೆ ನಿಂತ್ರು. 29 ದಿನದಲ್ಲಿ ಸ್ಟ್ರೈಕ್ ಮುಗೀತು, ಎರಡು ದರ ಪೂರ್ತಿ ಹೋಗ್ಲಿಲ್ಲ ಆದ್ರೆ ಕಂಪನಿ ಬಯಸಿದಷ್ಟು ಉಳಿಯಲೂ ಇಲ್ಲ, ಆ ಹುಡುಗರು ಮಾತ್ರ ತಮ್ಮ ಕೆಲಸಕ್ಕೆ ಕೋರ್ಟ್ ಮೆಟ್ಟಿಲು ಹತ್ತಬೇಕಾಯ್ತು.

ಐರ್ಲೆಂಡಿನ ಏರ್‌ಲೈನ್ ರಯಾನೇರ್ ನೋಡಿ. 30 ವರ್ಷಕ್ಕೂ ಹೆಚ್ಚು ಕಾಲ ಯೂನಿಯನ್ ಅಂದ್ರೆ ಆಗಿ ಬರ್ತಿರ್ಲಿಲ್ಲ ಅವರಿಗೆ. 2017ರ ಸೆಪ್ಟೆಂಬರ್‌ನಲ್ಲಿ ಪೈಲಟ್‌ಗಳ ರಜೆ ಲೆಕ್ಕ ಎಡವಟ್ಟಾಗಿ 2 ಸಾವಿರಕ್ಕೂ ಹೆಚ್ಚು ಫ್ಲೈಟ್ ರದ್ದು ಮಾಡಬೇಕಾಯ್ತು, ಡಿಸೆಂಬರ್‌ನಲ್ಲಿ ಕ್ರಿಸ್‌ಮಸ್ ಹತ್ರ ಹಲವು ದೇಶಗಳ ಪೈಲಟ್‌ಗಳು ಸ್ಟ್ರೈಕ್ ಅಂತ ನೋಟಿಸ್ ಕೊಟ್ರು, ಕಂಪನಿ ಯೂನಿಯನ್‌ಗಳನ್ನ ಒಪ್ಕೊಳ್ತು. ಯಾಕೆ? ಪೈಲಟ್‌ಗಳು ಸಾಕಷ್ಟಿರಲಿಲ್ಲ, ಬೇರೆ ಕಡೆ ಕರೀತಿದ್ರು, ಅಷ್ಟೇ.

ಸಂಬಳದ ವಿಷಯಕ್ಕೆ ಬಂದ್ರೆ ಎಲ್ಲ ಇದರ ಮೇಲೇ ನಿಂತಿದೆ. ಅಮೆರಿಕದ ಡೆಲ್ಟಾ ಏರ್‌ಲೈನ್‌ನ ಪೈಲಟ್‌ಗಳು 2004ರಲ್ಲಿ ಶೇ 32.5ರಷ್ಟು ಸಂಬಳ ಕಡಿತಕ್ಕೆ ಸಹಿ ಹಾಕಿದ್ರು, ಆಮೇಲೆ ಪೆನ್ಷನ್ನೂ ಕಳ್ಕೊಂಡ್ರು. ಅದೇ ಡೆಲ್ಟಾದಲ್ಲಿ 2023ರಲ್ಲಿ ನಾಲ್ಕು ವರ್ಷಕ್ಕೆ ಶೇ 34ರಷ್ಟು ಏರಿಕೆ ಆಯ್ತು. ಎರಡೂ ಸಲ ಇದ್ದಿದ್ದು ಆಲ್ಪಾನೇ. 2004ರಲ್ಲಿ ಕಂಪನಿ ಮುಳುಗ್ತಾ ಇತ್ತು, 2023ರಲ್ಲಿ ಕೋವಿಡ್ ಟೈಮಲ್ಲಿ ಸಾವಿರಾರು ಪೈಲಟ್‌ಗಳು ಬೇಗ ನಿವೃತ್ತಿ ತಗೊಂಡು ಪ್ರಯಾಣಿಕರು ವಾಪಸ್ ಬಂದ್ಬಿಟ್ಟಿದ್ರು. ಗಾಳಿ ಇದ್ದಾಗ ತೂರ್ಕೊಳ್ಳೋಕೆ ಯೂನಿಯನ್ ಬೇಕು, ಆದ್ರೆ ಗಾಳಿನ ಯೂನಿಯನ್ ಬೀಸಲ್ಲ. ಯಾವ ನಾಯಕನಾದ್ರೂ ಮಾರ್ಕೆಟ್ ಬಿದ್ದಿದ್ರೂ ಸಂಬಳ ಡಬಲ್ ಮಾಡಿಸ್ತೀನಿ ಅಂದ್ರೆ ಅವನು ಓಟಿಗೆ ಹೇಳ್ತಿದಾನೆ ಅಂತ ತಿಳ್ಕೊಳ್ಳಿ.

ಉಳಿಯೋದು ನಿಯಮ. ಕೋಲ್ಗನ್ ಅಪಘಾತದಲ್ಲಿ ಸತ್ತವರ ಮನೆಯವರು ವರ್ಷಗಟ್ಟಲೆ ವಾಷಿಂಗ್ಟನ್‌ಗೆ ಓಡಾಡಿದ್ರು, ಪೈಲಟ್ ಯೂನಿಯನ್‌ಗಳು ಹೊಸ ನಿಯಮಕ್ಕೆ ಒತ್ತಾಯ ಮಾಡ್ತಾನೇ ಬಂದ್ವು, 2010ರಲ್ಲಿ ಕಾನೂನು ಬಂತು, 2014ರ ಜನವರಿಯಿಂದ ಡ್ಯೂಟಿಗೆ ಮುಂಚೆ 10 ಗಂಟೆ ಬಿಡುವು, ಅದರಲ್ಲಿ 8 ಗಂಟೆ ಅಡ್ಡಿಯಿಲ್ಲದೆ ಮಲಗೋ ಅವಕಾಶ ಇರಲೇಬೇಕು ಅಂತಾಯ್ತು. ಆದ್ರೆ ಸರಕು ವಿಮಾನಗಳನ್ನ ಆ ನಿಯಮದಿಂದ ಹೊರಗಿಟ್ರು, ಖರ್ಚು ಜಾಸ್ತಿ ಅಂತ. 2013ರ ಆಗಸ್ಟ್‌ನಲ್ಲಿ ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ ಯುಪಿಎಸ್‌ನ ಸರಕು ವಿಮಾನ ಬೆಳಗಾಗೋ ಮುಂಚೆ ರನ್‌ವೇಗೆ ತಲುಪದೇ ಬಿತ್ತು, ಇಬ್ಬರು ಪೈಲಟ್‌ಗಳೂ ಸತ್ತರು. ವಾಯ್ಸ್ ರೆಕಾರ್ಡರ್‌ನಲ್ಲಿ ಅವರಿಬ್ಬರೂ ಸುಸ್ತಿನ ಬಗ್ಗೆ, ಪ್ರಯಾಣಿಕ ವಿಮಾನದ ಪೈಲಟ್‌ಗಳಿಗೆ ಒಂದು ವಿಶ್ರಾಂತಿ ನಿಯಮ ನಮಗೆ ಇನ್ನೊಂದು ಅನ್ನೋದರ ಬಗ್ಗೆ ಮಾತಾಡ್ಕೊಂಡಿದ್ದು ಸಿಕ್ತು. ಆ ವಿನಾಯ್ತಿ ತೆಗೆಸೋಕೆ ಯೂನಿಯನ್‌ಗಳು ಎಷ್ಟು ಗುದ್ದಾಡಿದ್ರೂ ಆಗಿಲ್ಲ. ಯೂನಿಯನ್ನಿನ ಶಕ್ತಿ ಎಲ್ಲಿಗೆ ನಿಲ್ಲುತ್ತೆ ಅಂತ ಕೇಳಿದ್ರೆ ನಾನು ಇದನ್ನೇ ತೋರಿಸೋದು.

ಪ್ರಶ್ನೆ: ಯೂನಿಯನ್ ಅಂದ್ರೆ ಸೀನಿಯರ್ ಕ್ಯಾಪ್ಟನ್‌ಗಳ ಕ್ಲಬ್ಬು, ಜೂನಿಯರ್‌ಗಳ ಚಂದಾ ಅವರ ಲಾಭ. ಇದಕ್ಕೆ ಏನಂತೀರಿ?

ಎಷ್ಟೋ ಕಡೆ ನಿಜ ಅಂತೀನಿ. ಹಳಬರ ಸಂಬಳ ಉಳಿಸ್ಕೊಳ್ಳೋಕೆ ಇನ್ನೂ ಕೆಲಸಕ್ಕೇ ಸೇರದ ಹೊಸಬರ ಸಂಬಳ ಬಿಟ್ಕೊಟ್ಟ ಒಪ್ಪಂದಗಳಿಗೆ ಯೂನಿಯನ್‌ಗಳೇ ಸಹಿ ಹಾಕಿದಾವೆ, ಓಟು ಹಾಕೋಕೆ ಹೊಸಬರು ಅಲ್ಲಿರಲಿಲ್ಲವಲ್ಲ. ಯುಎಸ್ ಏರ್‌ವೇಸ್ ಮತ್ತು ಅಮೆರಿಕಾ ವೆಸ್ಟ್ ಅನ್ನೋ ಎರಡು ಏರ್‌ಲೈನ್‌ಗಳು 2005ರಲ್ಲಿ ಒಂದಾದಾಗ ಎರಡು ಸೀನಿಯಾರಿಟಿ ಪಟ್ಟಿ ಜೋಡಿಸೋ ಜಗಳ ಶುರುವಾಯ್ತು, 2007ರಲ್ಲಿ ಮಧ್ಯಸ್ಥಗಾರ ಕೊಟ್ಟ ತೀರ್ಪು ಒಂದು ಕಡೆಯವರಿಗೆ ಒಪ್ಪಿಗೆ ಆಗಲಿಲ್ಲ, ಸಂಖ್ಯೆಲಿ ಹೆಚ್ಚಿದ್ದ ಅವರು 2008ರಲ್ಲಿ ಯೂನಿಯನ್ನನ್ನೇ ಬದಲಾಯಿಸಿಬಿಟ್ರು, ವರ್ಷಗಟ್ಟಲೆ ಕೋರ್ಟು ಕಚೇರಿ. 2012ರಲ್ಲಿ ಏರ್ ಇಂಡಿಯಾದಲ್ಲಿ ಹಳೇ ಏರ್ ಇಂಡಿಯಾ ಪೈಲಟ್‌ಗಳ ಯೂನಿಯನ್ ಆದ ಇಂಡಿಯನ್ ಪೈಲಟ್ಸ್ ಗಿಲ್ಡ್ 58 ದಿನ ಮುಷ್ಕರ ಮಾಡ್ತು, ಅದರ ಬುಡದಲ್ಲಿ ಇದ್ದಿದ್ದೂ ಡ್ರೀಮ್‌ಲೈನರ್ ಅನ್ನೋ ಹೊಸ ಬೋಯಿಂಗ್ ವಿಮಾನದ ತರಬೇತಿನ, ಏರ್ ಇಂಡಿಯಾ ಜೊತೆ ವಿಲೀನವಾದ ಇಂಡಿಯನ್ ಏರ್‌ಲೈನ್ಸ್‌ನ ಪೈಲಟ್‌ಗಳಿಗೆ ಯಾಕೆ ಕೊಡ್ತೀರಿ ಅನ್ನೋದು. ಪೈಲಟ್‌ಗೆ ಪೈಲಟ್ಟೇ ಎದುರಾಳಿ ಆದಾಗ ಮ್ಯಾನೇಜ್‌ಮೆಂಟ್ ಕೈಕಟ್ಟಿ ಕೂತ್ರೂ ಸಾಕು. ಏರ್ ಇಂಡಿಯಾದಲ್ಲಿ ಎಷ್ಟೋ ಪೈಲಟ್‌ಗಳಿಗೆ ಕೆಲಸವೂ ಹೋಯ್ತು, ಯೂನಿಯನ್ನಿನ ಮಾನ್ಯತೆಯೂ ಹೋಯ್ತು, ಕೊನೆಗೆ ಕೋರ್ಟ್ ಮುಂದೆ ಮುಷ್ಕರ ಬಿಟ್ರು.

ಇದಕ್ಕೆ ನನಗೆ ಗೊತ್ತಿರೋ ಮದ್ದು ಒಂದೇ. ಬೈಲಾದಲ್ಲೇ ಮಾತುಕತೆ ಸಮಿತಿಲಿ ಇಷ್ಟು ಸೀಟು ಕೋ-ಪೈಲಟ್‌ಗಳಿಗೆ ಅಂತ ಬರೆಸಿ. ನಮ್ಮ ರೋಸ್ಟರ್ ಕಮಿಟಿಗೆ ಮೊದಲ ಎರಡು ವರ್ಷ ಐವರೂ ಕ್ಯಾಪ್ಟನ್‌ಗಳೇ, ಮೂರನೇ ವರ್ಷ ಇಬ್ಬರು ಜೂನಿಯರ್ ಹುಡುಗಿಯರು ಬಂದ್ರು, ಸ್ಟ್ಯಾಂಡ್‌ಬೈ ಡ್ಯೂಟಿಯ, ಅಂದ್ರೆ ಕರೆದ್ರೆ ಹೊರಡೋಕೆ ತಯಾರಾಗಿ ಕಾಯೋ ಡ್ಯೂಟಿಯ ಗೋಳು ಮೇಜಿನ ಮೇಲೆ ಬಂದಿದ್ದೇ ಅವರು ಬಂದ್ಮೇಲೆ. ನಮಗ್ಯಾರಿಗೂ ಸ್ಟ್ಯಾಂಡ್‌ಬೈ ಇರ್ತಿರ್ಲಿಲ್ಲ, ಗೊತ್ತೇ ಇರಲಿಲ್ಲ.

ಪ್ರಶ್ನೆ: ಮುಂದೆ ಒಬ್ಬನೇ ಪೈಲಟ್ ಸಾಕು ಅಂತಿದಾರೆ. ಯೂನಿಯನ್ ವಿರೋಧಿಸೋದು ಕೆಲಸ ಉಳಿಸ್ಕೊಳ್ಳೋಕಷ್ಟೇ ತಾನೇ?

ಹಿಂದೆ ಒಮ್ಮೆ ಯೂನಿಯನ್ ತಪ್ಪಿದ್ದು ಹೌದು. ಬೋಯಿಂಗ್ 737ರಂಥ ವಿಮಾನಕ್ಕೂ ಮೂರನೇ ಪೈಲಟ್ ಬೇಕೇ ಬೇಕು ಅಂತ ಆಲ್ಪಾ ವರ್ಷಗಟ್ಟಲೆ ಹಟ ಮಾಡ್ತು, 1981ರಲ್ಲಿ ಅಮೆರಿಕದ ಅಧ್ಯಕ್ಷರು ನೇಮಿಸಿದ ಸಮಿತಿ ಇಬ್ಬರು ಸಾಕು ಅಂತು, ಆಮೇಲಿನ ಅನುಭವಾನೂ ಅದನ್ನೇ ಹೇಳ್ತು. ಆದ್ರೆ ಮೂರರಿಂದ ಎರಡಕ್ಕೆ ಇಳಿಯೋದು ಬೇರೆ, ಎರಡರಿಂದ ಒಂದಕ್ಕೆ ಇಳಿಯೋದು ಬೇರೆ. ಇಬ್ಬರಿದ್ರೆ ಒಬ್ಬನ ತಪ್ಪನ್ನ ಇನ್ನೊಬ್ಬ ಹಿಡೀತಾನೆ. ಮೇಲೆ ಹೇಳಿದ ರಾತ್ರಿ ಆ ಹುಡುಗನ ಪಕ್ಕ ನಾನಿದ್ದೆ.

ಪ್ರಶ್ನೆ: ನನ್ನ ಮಗ ಪೈಲಟ್. ಕೆಲವು ತಿಂಗಳಿಂದ ಸರಿಯಾಗಿ ಮಾತಾಡಲ್ಲ, ರಾತ್ರಿ ಎದ್ದು ಕೂತಿರ್ತಾನೆ. ಡಾಕ್ಟರ್ ಹತ್ರ ಹೋಗೋಣ ಅಂದ್ರೆ ಲೈಸೆನ್ಸ್ ಹೋಗುತ್ತಮ್ಮ ಅಂತಾನೆ. ಯೂನಿಯನ್ ಇಂಥದಕ್ಕೆಲ್ಲ ಬರುತ್ತಾ?

ಬರುತ್ತಮ್ಮ, ಬರಬೇಕು. ಯೂನಿಯನ್‌ಗಳು ಮಾಡಿರೋ ಕೆಲಸದಲ್ಲಿ ಹೊರಗೆ ಕಾಣದ, ನನಗೆ ತುಂಬ ದೊಡ್ಡದು ಅನ್ಸೋ ಕೆಲಸ ಇದೇ. ಮುಂಚೆ ಕುಡಿತಕ್ಕೆ ಬಿದ್ದ ಪೈಲಟ್ ಅಂದ್ರೆ ಕಥೆ ಮುಗೀತು ಅಂತಿತ್ತು, 1970ರ ದಶಕದಲ್ಲಿ ಆಲ್ಪಾ ಸರ್ಕಾರದ ಜೊತೆ ಸೇರಿ ಹಿಮ್ಸ್ ಅನ್ನೋ ಕಾರ್ಯಕ್ರಮ ಶುರು ಮಾಡ್ತು, ಚಿಕಿತ್ಸೆ ಕೊಡಿಸಿ, ನಿಗಾ ಇಟ್ಟು, ವಾಸಿಯಾದ್ಮೇಲೆ ಮತ್ತೆ ಕಾಕ್‌ಪಿಟ್‌ಗೆ ಕಳಿಸೋದು. ಸಾವಿರಾರು ಪೈಲಟ್‌ಗಳು ಹಾಗೆ ವಾಪಸ್ ಬಂದಿದಾರೆ. 2015ರ ಮಾರ್ಚ್‌ನಲ್ಲಿ ಜರ್ಮನ್‌ವಿಂಗ್ಸ್ ವಿಮಾನವನ್ನ ಅದರ ಕೋ-ಪೈಲಟ್ಟೇ ಬೆಟ್ಟಕ್ಕೆ ಗುದ್ದಿಸಿ 150 ಜನ ಸತ್ತಾಗ, ಕಾಯಿಲೆ ಮುಚ್ಚಿಡೋ ಭಯ ಎಲ್ಲೀವರೆಗೂ ಹೋಗಬಹುದು ಅಂತ ಎಲ್ಲರಿಗೂ ಗೊತ್ತಾಯ್ತು. 2021ರಿಂದ ಯುರೋಪಿನಲ್ಲಿ ಪ್ರತಿ ಏರ್‌ಲೈನೂ ಪೈಲಟ್‌ಗಳಿಗೆ ಸಹಾಯ ಕಾರ್ಯಕ್ರಮ ಇಟ್ಟಿರಲೇಬೇಕು ಅಂತ ನಿಯಮ ಬಂದಿದೆ. ಅದನ್ನ ಪೀರ್ ಸಪೋರ್ಟ್ ಅಂತಾರೆ, ಅಂದ್ರೆ ತರಬೇತಿ ಪಡೆದ ಇನ್ನೊಬ್ಬ ಪೈಲಟ್ ನಿಮ್ಮ ಮಗನ ಮಾತು ಕೇಳ್ತಾನೆ, ಅದು ಮ್ಯಾನೇಜ್‌ಮೆಂಟ್‌ಗೆ ಹೋಗಲ್ಲ, ಯಾರಿಗಾದ್ರೂ ಜೀವಾಪಾಯ ಅನ್ನೋ ಹಾಗಿದ್ರೆ ಮಾತ್ರ ಮುಂದಕ್ಕೆ ಹೋಗುತ್ತೆ.

ಈ ತರದ ತೊಂದ್ರೆಗೆ ಚಿಕಿತ್ಸೆ ತಗೊಂಡವರೆಲ್ಲರ ಲೈಸೆನ್ಸ್ ಹೋಗಲ್ಲಮ್ಮ. ಬಹಳ ಜನಕ್ಕೆ ಕೆಲವು ತಿಂಗಳು ಹಾರಾಟ ನಿಲ್ಲುತ್ತೆ, ಆಮೇಲೆ ವಾಪಸ್ ಬರ್ತಾರೆ. ಮಗನಿಗೆ ಡಾಕ್ಟರ್ ಅಂತ ಈಗಲೇ ಒತ್ತಾಯ ಮಾಡಬೇಡಿ, ಮೊದಲು ಅವನು ನಂಬೋ ಒಬ್ಬ ಸೀನಿಯರ್ ಪೈಲಟ್ ಹತ್ರ ಮಾತಾಡು ಅನ್ನಿ, ಅವನ ಕಂಪನಿಲಿ ಪೀರ್ ಸಪೋರ್ಟ್ ಇದ್ರೆ ಆ ನಂಬರ್ ಅವರೇ ಕೊಡ್ತಾರೆ. ಬದುಕೋದೇ ಬೇಡ ಅನ್ನೋ ತರ ಏನಾದ್ರೂ ಅವನ ಬಾಯಲ್ಲಿ ಬಂದ್ರೆ ಮಾತ್ರ ಲೈಸೆನ್ಸ್ ಯೋಚನೆ ಬಿಟ್ಟು ಅವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗಿ. ನಿಮ್ಮ ಪತ್ರದಲ್ಲಿ ಫೋನ್ ನಂಬರ್ ಇತ್ತು, ಈ ಸಂಚಿಕೆ ನಿಮ್ಮ ಕೈಗೆ ಸೇರೋ ಮುಂಚೆನೇ ನಾನು ಫೋನ್ ಮಾಡಿರ್ತೀನಿ, ಅವನು ಒಪ್ಪಿದ್ರೆ ಅವನ ಜೊತೆನೂ ಮಾತಾಡ್ತೀನಿ.